ಇಪ್ಪತ್ತು ನಿಮಿಷ

ನಿದ್ದೆ ಬರುತ್ತಿಲ್ಲ ಎಂದಾಗ ಡಾಕ್ಟರು ಒಂದು ಕಾಗದ ಕೊಟ್ಟರು. ಅದರಲ್ಲಿ ಎರಡು ಸೂಚನೆ ಒಂದರ ಕೆಳಗೊಂದು ಇದ್ದವು. 20 ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳಿ. ರಾತ್ರಿ ಹೊತ್ತು ಗಡಿಯಾರ ನೋಡಬೇಡಿ.

ಬರೆದವರು ಚೆನ್ನಾಗಿ ನಿದ್ದೆ ಮಾಡುವವರೇ ಇರಬೇಕು. ಗಡಿಯಾರ ನೋಡದೆ 20 ನಿಮಿಷ ಆಯಿತು ಅಂತ ತಿಳಿಯೋದು ಹೇಗೆ? ಎಣಿಸಬೇಕಾ? ನಾನು ಎಣಿಸಿದೆ. ಅರವತ್ತು ಆದ ಹಾಗೆ ಒಂದೊಂದು ಬೆರಳು ಮಡಚುತ್ತಾ ಹೋದೆ. ಬೆರಳು ಮುಗಿದ ಮೇಲೆ ಹನ್ನೊಂದೋ ಹನ್ನೆರಡೋ ಎಂದು ಲೆಕ್ಕ ತಪ್ಪಿತು. ಕಣ್ಣಲ್ಲಿ ಇದ್ದ ಚೂರುಪಾರು ನಿದ್ದೆಯೂ ಹಾರಿಹೋಯಿತು.

ಆಫೀಸಿನಲ್ಲಿ ಯಾರ ಕೆಲಸ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬ ಗುಸುಗುಸು ನಡೆಯುತ್ತಿದ್ದ ದಿನಗಳು ಅವು. ಹಗಲೆಲ್ಲ ಎಲ್ಲೋ ಬಿದ್ದುಕೊಂಡಿರುತ್ತಿದ್ದ ಚಿಂತೆ, ದೀಪ ಆರಿಸಿದ್ದೇ ತಡ, ಬಂದು ಪಕ್ಕದಲ್ಲಿ ಮಲಗುತ್ತಿತ್ತು. ಒಂದು ರಾತ್ರಿ ರೇಗಿಹೋಗಿ ಗೋಡೆ ಗಡಿಯಾರವನ್ನು ಇಳಿಸಿದೆ. ಟವೆಲಿನಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟೆ. ಬೀರುವಿನಿಂದಲೂ ಟಿಕ್ ಟಿಕ್. ಮತ್ತೆ ಎದ್ದು ಸೆಲ್ ಕಿತ್ತೆ. ಬೀರುವಿನ ಬಾಗಿಲು ಕಿರ್ರೆಂದಿತು. "ಏನ್ರೀ ಅದು, ಸುಮ್ನೆ ಮಲ್ಕೊಳ್ರಿ" ಎಂದಳು ಹೆಂಡತಿ, ಮರುಕ್ಷಣ ಗೊರಕೆ. ದಿಂಬಿಗೆ ತಲೆ ತಾಗುವ ಮೊದಲೇ ನಿದ್ದೆಹೋಗುವವರು ಉಳಿದವರಿಗೆ ಬುದ್ಧಿ ಹೇಳಬಾರದು. ಹೆಂಡತಿಗೂ ಇದರಲ್ಲಿ ವಿನಾಯಿತಿ ಇಲ್ಲ.

ಅಂಥ ಹೊತ್ತಲ್ಲಿ ನನಗೆ ನಥಾನಿಯಲ್ ಕ್ಲೈಟ್‌ಮನ್ ನೆನಪಾಗುತ್ತಾರೆ. ನಿದ್ದೆಯ ಅಧ್ಯಯನವನ್ನೇ ಕಸುಬು ಮಾಡಿಕೊಂಡಿದ್ದ ವಿಜ್ಞಾನಿ. 1938ರಲ್ಲಿ ಬ್ರೂಸ್ ರಿಚರ್ಡ್‌ಸನ್ ಎಂಬ ಶಿಷ್ಯನನ್ನು ಕಟ್ಟಿಕೊಂಡು ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಗೆ ಇಳಿದರು. ಅಲ್ಲಿ ಬಿಸಿಲೂ ಇಲ್ಲ, ಬೆಳದಿಂಗಳೂ ಇಲ್ಲ. 32 ದಿನ ಇಬ್ಬರದೂ ಅಲ್ಲೇ ವಾಸ. ದಿನಕ್ಕೆ 24ರ ಬದಲು 28 ಗಂಟೆ ಎಂದು ಅವರೇ ಗೊತ್ತು ಮಾಡಿಕೊಂಡರು. ಲೆಕ್ಕ ಹಾಕಿ ನೋಡಿ, ವಾರಕ್ಕೆ ಆರೇ ದಿನ. ಮೈ ಇದನ್ನು ಒಪ್ಪುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಇಪ್ಪತ್ತರ ಹರೆಯದ ಶಿಷ್ಯನ ಮೈ ಒಪ್ಪಿತು. 43 ವರ್ಷದ ಗುರುಗಳದು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೊರಗಿನ ಲೋಕದ 24 ಗಂಟೆಯನ್ನೇ ಹಿಡಿದು ಕೂತಿತು.

ಆ ಗುಹೆಯನ್ನು ನಾನು ಎಷ್ಟು ಸಲ ಊಹಿಸಿಕೊಂಡಿದ್ದೇನೋ. ಗವ್ವೆನ್ನುವ ಕತ್ತಲು, ತಣ್ಣನೆ ಕಲ್ಲು. ಪಕ್ಕದ ಮಂಚದಲ್ಲಿ ಶಿಷ್ಯ ಗೊರಕೆ ಹೊಡೆಯುತ್ತಾ ಸೊಂಪಾಗಿ ಮಲಗಿದ್ದಾನೆ. ನಿದ್ದೆಯ ಬಗ್ಗೆ ಲೋಕದಲ್ಲಿ ಎಲ್ಲರಿಗಿಂತ ಜಾಸ್ತಿ ತಿಳಿದವರು ಕಣ್ಣುಬಿಟ್ಟು ಬಿದ್ದುಕೊಂಡಿದ್ದಾರೆ. ಶಿಷ್ಯ ಗೊರಕೆ ಹೊಡೆಯುತ್ತಿದ್ದ ಎಂಬುದು ನನ್ನ ಸೇರ್ಪಡೆ. ಆದರೂ ಬಿಡಲು ಮನಸ್ಸಿಲ್ಲ. ಕ್ಲೈಟ್‌ಮನ್ ಮುಂದೆ 104ನೇ ವಯಸ್ಸಿನವರೆಗೂ ಬದುಕಿದರು. ರಾತ್ರಿ ಎರಡೂವರೆಗೆ ಇದಕ್ಕಿಂತ ದೊಡ್ಡ ಸಮಾಧಾನ ನನಗೆ ಬೇರೆ ಸಿಕ್ಕಿಲ್ಲ.

ಆ 20 ನಿಮಿಷದ ವಿಷಯ ಅಲ್ಲೇ ಉಳಿಯಿತಲ್ವಾ. ಡಾಕ್ಟರನ್ನೇ ಕೇಳಿದೆ. "ಅಂದಾಜು ಸಾಕ್ರೀ" ಅಂದರು. ಹಾಸಿಗೆ ಅಂದರೆ ಹೊರಳಾಟ ಅಂತ ಮೈ ಕಲಿತುಬಿಡಬಾರದಂತೆ. ಎದ್ದು ಮಂದ ಬೆಳಕಿನಲ್ಲಿ ಕೂತಿರಬೇಕು, ತೂಕಡಿಕೆ ಬಂದ ಮೇಲೇ ವಾಪಸು ಹೋಗಬೇಕು. ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು. ಮಾತು ಸರಿಯೇ. ನನಗೆ ಕುರ್ಚಿಯಲ್ಲಿ ತೂಕಡಿಕೆ ಚೆನ್ನಾಗಿಯೇ ಬರುತ್ತದೆ. ಎದ್ದು ಮಂಚದ ಹತ್ತಿರ ಹೋಗುವಷ್ಟರಲ್ಲಿ ಅದು ಕುರ್ಚಿಯಲ್ಲೇ ಉಳಿದುಬಿಟ್ಟಿರುತ್ತದೆ.

ಗಡಿಯಾರ ಈಗಲೂ ಬೀರುವಿನಲ್ಲೇ ಇದೆ, 2:40ಕ್ಕೆ ನಿಂತು. ಅದರ ಸೆಲ್ ಟಿವಿ ರಿಮೋಟಿಗೆ ಹೋಯಿತು.