ರೊಟ್ಟಿ ಬಗ್ಗೆ ಸ್ಪಷ್ಟೀಕರಣ

ನಮ್ಮ ಕಚೇರಿಯಲ್ಲಿ ಹಳೇ ಕಾಲಕ್ಕೂ ಹೊಸ ಕಾಲಕ್ಕೂ ನಡುವೆ ಇರುವುದು ನನ್ನ ಟೇಬಲ್ಲು. ಎಡಗಡೆ ಸೂಪರಿಂಟೆಂಡೆಂಟ್ ಸಾಹೇಬರು. ಅರವತ್ತಕ್ಕೆ ಹತ್ತಿರ, ಅಂದರೆ ನಿವೃತ್ತಿಗೂ ಹತ್ತಿರ. ಬಲಗಡೆ ಹೋದ ವರ್ಷ ಪರೀಕ್ಷೆ ಪಾಸಾಗಿ ಬಂದ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕಿ, ಹುಡುಗಿ. ಮಧ್ಯೆ ನಾನು, ಎಫ್‌ಡಿಎ, ಪ್ರಥಮ ದರ್ಜೆ. ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಹೇಳುವುದು ನನ್ನ ಹತ್ತಿರವೇ. ಅದೂ ಇನ್ನೊಬ್ಬರಿಗೆ ಕೇಳಿಸುವ ಹಾಗೆ.

ಸರ್ಕಾರ 2012ರಲ್ಲಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯ ಮಾಡಿತು. ಐವತ್ತು ದಾಟಿದವರಿಗೆ ವಿನಾಯಿತಿ. ಪಾಸಾಗುವ ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು, ಸಾಹೇಬರ ವಯಸ್ಸೂ ಅದರ ಜೊತೆಗೇ ಹೋಗುತ್ತಿತ್ತು. ಬೇರೆಯವರು ಐವತ್ತಾಯ್ತಲ್ಲಪ್ಪಾ ಎಂದು ಕೊರಗುತ್ತಾರೆ. ಇವರು ಆವತ್ತು ಆಫೀಸಿಗೆಲ್ಲ ಮೈಸೂರುಪಾಕು ಹಂಚಿದರು.

ಹುಡುಗಿಯ ಕಷ್ಟವೇ ಬೇರೆ. ಅವಳಿಗೆ ಫೋನ್ ಬಂದರೆ ಆಗುವುದಿಲ್ಲ. ಫೋನ್ ಹೊಡೆದುಕೊಳ್ಳುತ್ತಾ ಇದ್ದರೆ ಅದು ಸುಮ್ಮನಾಗುವವರೆಗೆ ನೋಡುತ್ತಾ ಕೂತಿದ್ದು, ಆಮೇಲೆ ‘ಹೇಳಿ ಸರ್’ ಎಂದು ಮೆಸೇಜು ಹಾಕುತ್ತಾಳೆ. ಸಾಹೇಬರು ಮೆಸೇಜು ಕಳಿಸುತ್ತಾರೆ, ಕಳಿಸಿದ್ದೇನೆ ಎಂದು ಹೇಳಲು ಫೋನ್ ಮಾಡುತ್ತಾರೆ, ಫೋನ್ ಎತ್ತಲಿಲ್ಲ ಎಂದು ಎದ್ದು ಬಂದು, “ನೋಡಿದೆಯೇನಮ್ಮಾ?” ಎಂದು ಕೇಳುತ್ತಾರೆ. ಅಷ್ಟೊತ್ತಿಗೆ ಅವಳು ಮೊಬೈಲಿನಲ್ಲಿ ಹೆಬ್ಬೆರಳು ಎತ್ತಿರುತ್ತಾಳೆ. ಮೊದಲ ಸಲ ಅದನ್ನು ಕಂಡು ಸಾಹೇಬರು ನನ್ನ ಕಡೆ ತಿರುಗಿ, “ಕೆಲಸ ಹೇಳಿದರೆ ಹೆಬ್ಬೆಟ್ಟು ತೋರಿಸ್ತಾಳಲ್ರೀ!” ಎಂದಿದ್ದರು. ನಾನು ಸಮಾಧಾನ ಮಾಡಿದೆ. ಈಗ ಅವರೂ ಹೆಬ್ಬೆರಳು ಎತ್ತುತ್ತಾರೆ, ಸಾವಿನ ಮನೆಗೆ ಹೋಗಲು ರಜೆ ಕೇಳಿದವರಿಗೂ.

ಇಷ್ಟೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ರೊಟ್ಟಿ ವಿಷಯ ಮಾತ್ರ ಜಿಲ್ಲಾ ಕಚೇರಿಯವರೆಗೆ ಹೋಯಿತು.

ಸಾಹೇಬರಿಗೆ ನುಡಿ ತಂತ್ರಾಂಶ ಬಿಟ್ಟರೆ ಬೇರೆ ಗೊತ್ತಿಲ್ಲ. ಅವರು ಅದರಲ್ಲಿ ಟೈಪಿಸಿದ ಹಳೇ ಕಡತಗಳನ್ನು ಮೊಬೈಲಿನಲ್ಲಿ ತೆರೆದರೆ ಯಾವ ದೇಶದ ಲಿಪಿ ಅಂತಲೂ ಗೊತ್ತಾಗುವುದಿಲ್ಲ. ಹುಡುಗಿ ಕೀಲಿಮಣೆ ಮುಟ್ಟುವುದೇ ಕಡಿಮೆ. ಮೊಬೈಲನ್ನು ಬಾಯಿ ಹತ್ತಿರ ಹಿಡಿದು ಪತ್ರ ಹೇಳುತ್ತಾಳೆ, ಅದು ತಾನೇ ಅಕ್ಷರ ಮೂಡಿಸುತ್ತದೆ. ಆ ದಿನ ಪೀಠೋಪಕರಣಗಳ ವರದಿ ಸಂಜೆಯೊಳಗೆ ಹೋಗಬೇಕಿತ್ತು. ಅವಳು “ಉಲ್ಲೇಖಿತ ಪತ್ರದಲ್ಲಿ ಸೂಚಿಸಿರುವಂತೆ, ಈ ಕಚೇರಿಯಲ್ಲಿ ದುರಸ್ತಿಗೆ ಬಂದಿರುವ ಕುರ್ಚಿಗಳು ಒಟ್ಟು...” ಎನ್ನುತ್ತಿದ್ದಳು. ಸಾಹೇಬರು ಬಾಗಿಲಿನಿಂದಲೇ, “ಇವತ್ತು ಅಕ್ಕಿರೊಟ್ಟಿ ಯಾರು ತಂದಿದ್ದೀರ್ರೀ? ಘಮ್ ಅಂತಿದೆ!” ಎಂದರು. ಮೊಬೈಲಿಗೆ ಹಿರಿಯರು ಕಿರಿಯರು ಎಂಬ ಭೇದ ಇಲ್ಲ. ಎಲ್ಲವನ್ನೂ ಬರೆದುಕೊಂಡಿತು.

ಪತ್ರಕ್ಕೆ ಬೀಳಬೇಕಾದ ಸಹಿಗಳೆಲ್ಲ ಬಿದ್ದವು. ಓದಿದವರು ಯಾರೂ ಇಲ್ಲ. ನಮ್ಮಲ್ಲಿ ಸಹಿಗೂ ಓದಿಗೂ ಅಂಥ ನೆಂಟಸ್ತಿಕೆ ಏನೂ ಇಲ್ಲ ಬಿಡಿ.

ಜಿಲ್ಲಾ ಕಚೇರಿಯಲ್ಲಿ ಮಾತ್ರ ಪುಣ್ಯಾತ್ಮರೊಬ್ಬರು ಓದಿದರು. ಉತ್ತರ ಬಂತು: ‘ತಮ್ಮ ಪತ್ರದ ಎರಡನೇ ಕಂಡಿಕೆಯಲ್ಲಿ ಕುರ್ಚಿಗಳ ಸಂಖ್ಯೆಗೆ ಬದಲಾಗಿ ಅಕ್ಕಿರೊಟ್ಟಿಯ ಬಗ್ಗೆ ನಮೂದಿಸಲಾಗಿದ್ದು, ಈ ಕುರಿತು ಸ್ಪಷ್ಟೀಕರಣವನ್ನು ಹಿಂತಿರುಗುವ ಟಪಾಲಿನಲ್ಲಿ ಸಲ್ಲಿಸಲು ಸೂಚಿಸಿದೆ.’

ಹುಡುಗಿಯ ಮುಖ ಬಿಳಿಚಿಕೊಂಡಿತು. ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಅವಳು ಬರೆದ ಉತ್ತರದಲ್ಲಿ ಮೊಬೈಲು, ಧ್ವನಿ, ನೆಟ್‌ವರ್ಕು ಎಲ್ಲ ಇತ್ತು. ಕೊನೆಗೆ ‘ಸಾರಿ ಸರ್’ ಅಂತಲೂ ಇತ್ತು. ಸಾಹೇಬರು ಓದಿ, ಕನ್ನಡಕ ಹಣೆಗೇರಿಸಿ, “ಅಮ್ಮಾ, ನಿಜ ಬರೆದರೆ ಇನ್ನೊಂದು ಪತ್ರ ಬರುತ್ತೆ. ಪೆನ್ನು ಕೊಡು” ಎಂದರು.

ಆಮೇಲೆ ಅವರು ಬರೆದದ್ದನ್ನು ನಾನು ಹಾಗೇ ಕೊಡುತ್ತೇನೆ: ‘ಸದರಿ ಕಂಡಿಕೆಯಲ್ಲಿನ ನಮೂದು ಕಣ್ತಪ್ಪಿನಿಂದ ಸೇರ್ಪಡೆಯಾಗಿದ್ದು, ಅದನ್ನು ಕುರ್ಚಿಗಳ ಸಂಖ್ಯೆ 14 ಎಂದು ಓದಿಕೊಳ್ಳುವುದು. ಪತ್ರದ ಉಳಿದ ಅಂಶಗಳಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ.’ ರೊಟ್ಟಿ ಎಂಬ ಪದವೇ ಇಲ್ಲ. ಯಾರ ಕಣ್ಣು, ಯಾವಾಗ ತಪ್ಪಿತು ಎಂಬುದೂ ಇಲ್ಲ. ಹುಡುಗಿ ಎರಡೆರಡು ಸಲ ಓದಿ, “ಸರ್, ಇದನ್ನ ನಾನು ಸೇವ್ ಮಾಡಿಟ್ಕೋತೀನಿ” ಎಂದಳು. ಫೋಟೋ ತೆಗೆದಳು. ಸಾಹೇಬರು ಸುಮ್ಮನೆ ಕಿಟಕಿ ಕಡೆ ನೋಡಿದರು, ಆದರೆ ಕಿವಿ ಕೆಂಪಾಗಿತ್ತು. ಇದಾದ ಮೇಲೆ ಅವರಿಗೆ ಪಿಂಚಣಿ ಕಾಗದ ಅಪ್‌ಲೋಡ್ ಮಾಡಿಕೊಡುವುದು ಅವಳದೇ ಕೆಲಸ. ಪಾಸ್‌ವರ್ಡನ್ನು ಇವರು ಆಫೀಸಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ, ಅವಳು “ಸರ್, ಮೆಲ್ಲಗೆ!” ಎನ್ನುತ್ತಾಳೆ.

ಜಿಲ್ಲಾ ಕಚೇರಿ ಮತ್ತೆ ಏನೂ ಕೇಳಲಿಲ್ಲ. ಆದರೆ ಕಡತ ಮುಕ್ತಾಯ ಮಾಡುವಾಗ ಅದನ್ನು ಎಷ್ಟು ವರ್ಷ ಇಡಬೇಕು ಎಂಬ ವರ್ಗ ಹಾಕಬೇಕಲ್ಲ, ಅಲ್ಲಿ ಜಗಳ ಶುರುವಾಯಿತು. ಹುಡುಗಿ ‘ಇ’ ವರ್ಗ ಸಾಕು, ಒಂದೇ ವರ್ಷಕ್ಕೆ ನಾಶ ಮಾಡಬಹುದು ಎಂದಳು. ಸಾಹೇಬರು ಸುತರಾಂ ಒಪ್ಪಲಿಲ್ಲ. ಮುಂದೆ ಆಡಿಟ್‌ನವರು ಕುರ್ಚಿ ಲೆಕ್ಕ ಕೇಳಿದರೆ ರೊಟ್ಟಿ ದಾಖಲೆ ಬೇಕಾಗುತ್ತದಂತೆ. ‘ಸಿ’ ಎಂದು ಬರೆದು ಕಡತವನ್ನು ಅವಳ ಟೇಬಲ್ಲಿಗೆ ತಳ್ಳಿದರು.

“ಹತ್ತು ವರ್ಷಾನಾ ಸರ್?”

“ನನಗೇನಮ್ಮಾ, ನಾನು ಮನೇಲಿರ್ತೀನಿ. ಕಾಯೋಳು ನೀನು.”