ಪೆಂಡಾಲಿನ ನೆರಳಲ್ಲಿ ಬಿಸಿಲಿನ ವ್ಯಾಪಾರ

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎನ್ನುವ ಮಾತು ಹಳೆಯದು. ಅದನ್ನು ಕೇಳಿದ ರಾಯಚೂರಿನವರು ‘ನಿಮಗರೆ ಎರಡು ಅದಾವಲ್ರೀ’ ಎಂದು ನಗುತ್ತಾರೆ. ಇಂಥ ಸೀಮೆಯ ಮೆಡಿಕಲ್ ಅಂಗಡಿಗಳಲ್ಲಿ ಈಗ ಬಿಸಿಲು ಬಿಕರಿಗಿದೆ. ಒಂದು ಗ್ರಾಮಿನ ಪಾಕೀಟು, ಹಾಲಿಗೆ ಕಲಸಿ ಕುಡಿಯುವ ಪುಡಿ. ಹೆಸರು ಕೊಲೆಕ್ಯಾಲ್ಸಿಫೆರಾಲ್, ಅಂದರೆ ವಿಟಮಿನ್ ಡಿ3. ತಾಕತ್ತು 60,000 ಯೂನಿಟ್.

ವ್ಯಾಪಾರ ಶುರುವಾಗುವುದು ‘ಉಚಿತ ಎಲುಬು ತಪಾಸಣಾ ಶಿಬಿರ’ದಿಂದ. ಬಿಸಿಲು ತಾಕಬಾರದೆಂದು ಮೊದಲು ಪೆಂಡಾಲ್ ಎದ್ದು ನಿಲ್ಲುತ್ತದೆ. ಸಮಯ ಬೆಳಗ್ಗೆ 11ರಿಂದ ಮಧ್ಯಾಹ್ನ 2. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಯುವಿ-ಬಿ ಕಿರಣ ನೆಲಕ್ಕೆ ಚೆನ್ನಾಗಿ ಇಳಿಯುವುದೂ ಅದೇ ಹೊತ್ತಿಗೆ. ಆ ಮೂರು ತಾಸನ್ನು ಜನ ನೆರಳಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸರದಿ ಕಾದು ಕಳೆಯುತ್ತಾರೆ.

ಮೇಜಿನ ಮೇಲೆ ಬೂಟಿನಾಕಾರದ ಯಂತ್ರ. ಹಿಮ್ಮಡಿಗೆ ಜೆಲ್ ಹಚ್ಚಿ ಕಾಲು ಇಟ್ಟರೆ ಅಲ್ಟ್ರಾಸೌಂಡ್ ಹಾಯಿಸಿ ಒಂದು ಅಂಕಿ ಕೊಡುತ್ತದೆ.

‘ಯಜಮಾನ್ರ, ನಿಮ್ದು ಮೈನಸ್ ಒಂದೂವರಿ ಐತ್ರೀ.’

‘ಮೈನಸ್ ಅಂದ್ರ? ನಾನ ಸಾಲ ಕೊಡಬೇಕನ?’

‘ಹಂಗಲ್ರೀ, ಎಲುಬು ಸವದೈತಿ ಅಂತ.’

‘ಇಷ್ಟ್ ವರ್ಷ ಹೊಲ ಗೇದ್ರ ಕಬ್ಬಿಣದ ಕುಳಾನೂ ಸವೀತೈತಿ ತಮ್ಮಾ.’

ಯಜಮಾನರ ತರ್ಕವೇ ಸರಿ. ಆ ಅಂಕಿಯ ಹೆಸರು ಟಿ-ಸ್ಕೋರ್. ಅರವತ್ತರ ಮುದುಕನ ಎಲುಬನ್ನು ಮೂವತ್ತರ ಆಸುಪಾಸಿನ ಗಟ್ಟಿ ಎಲುಬಿನ ಜೊತೆ ತೂಗುವ ಲೆಕ್ಕ ಅದು. ಮೈನಸ್ 1ರಿಂದ ಕೆಳಗೆ ಸವಕಲು, ಮೈನಸ್ 2.5ಕ್ಕೆ ಆಸ್ಟಿಯೊಪೊರೋಸಿಸ್ (ಎಲುಬು ಟೊಳ್ಳಾಗುವ ರೋಗ) ಎಂಬ ಗೆರೆ ಎಳೆದಿರುವುದು ಸೊಂಟ ಮತ್ತು ಬೆನ್ನುಮೂಳೆಯನ್ನು ಡೆಕ್ಸಾ ಎಂಬ ಎಕ್ಸ್-ರೇ ಯಂತ್ರದಲ್ಲಿ ನೋಡಿದಾಗ. ಹಿಮ್ಮಡಿಯ ಅಂಕಿಗೆ ಆ ಗೆರೆ ಹೊಂದುವುದಿಲ್ಲ. ಇನ್ನು ವಿಟಮಿನ್ ಡಿ ಎಷ್ಟಿದೆ ಎನ್ನುವುದು ಈ ಬೂಟಿಗೆ ತಿಳಿಯುವುದೇ ಇಲ್ಲ. ಅದಕ್ಕೆ ರಕ್ತದಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ನೋಡಬೇಕು. ಕಾಲು ಇಟ್ಟಿದ್ದಕ್ಕೆ ಎಂಟು ಪಾಕೀಟು ಬರೆಯುವುದು, ಚಪ್ಪಲಿ ಅಳತೆ ತಗೊಂಡು ಅಂಗಿ ಹೊಲಿದ ಹಾಗೆ.

ಪುಡಿಯದೇನೂ ತಪ್ಪಿಲ್ಲ. ರಕ್ತದಲ್ಲಿ ನಿಜವಾಗಿ ಕೊರತೆ ಕಂಡವರಿಗೆ ವಾರಕ್ಕೊಂದರಂತೆ ಎಂಟು ವಾರ ಕೊಡುವುದು ರೂಢಿಯ ಚಿಕಿತ್ಸೆ. ತಪ್ಪುವುದು ಅಂಗಡಿಯ ಕಟ್ಟೆಯಿಂದ ಮನೆಯ ಅಡುಗೆಮನೆಗೆ ಹೋಗುವ ದಾರಿಯಲ್ಲಿ. ‘ವಾರಕ್ಕೊಂದು’ ಎನ್ನುವುದು ‘ದಿನಕ್ಕೊಂದು’ ಆಗುತ್ತದೆ, ಯಾಕೆಂದರೆ ನಮ್ಮಲ್ಲಿ ವಾರಕ್ಕೊಮ್ಮೆ ಮಾಡುವುದು ಸಂತೆ ಮಾತ್ರ, ಔಷಧವೆಂದರೆ ದಿನಾ ನುಂಗುವುದು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್. ಅಂದರೆ ಒಂದು ಪಾಕೀಟು ನೂರು ದಿನದ ಪಡಿ. ಎಂಟು ದಿನದಲ್ಲಿ ಎಂಟುನೂರು ದಿನದ ಪಡಿ ಮುಗಿಸಿ, ‘ಹಿತ ಅನಸ್ತು, ಇನ್ನೆಂಟು ಕೊಡ್ರಿ’ ಎಂದು ಮತ್ತೆ ಬರುವವರಿದ್ದಾರೆ. ಚೀಟಿ ಕೇಳುವವರು ಯಾರು?

ಬಿ ಗುಂಪಿನ ವಿಟಮಿನ್ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋದೀತು. ಡಿ ಹಾಗಲ್ಲ, ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಬಿಡಾರ ಹೂಡುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ವಾಕರಿಕೆ, ಮಲಬದ್ಧತೆ, ತೀರದ ನೀರಡಿಕೆ, ಪದೇ ಪದೇ ಮೂತ್ರ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ನೀರಡಿಕೆಯನ್ನು ನಮ್ಮೂರಲ್ಲಿ ಯಾರೂ ರೋಗವೆಂದು ಹಿಡಿಯುವುದಿಲ್ಲ, ಬಿಸಿಲಿಗೆ ಅನ್ನುತ್ತಾರೆ. ಪುಡಿ ನಿಲ್ಲಿಸಿದರೂ ಅದು ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಪುಡಿ ಕುಡಿಯುವಷ್ಟು ಪುರಸೊತ್ತಿಲ್ಲದವರಿಗೆ ಆರು ಲಕ್ಷ ಯೂನಿಟ್ಟಿನ ಸೂಜಿ ಉಂಟು. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಬಾಯಿಗೆ ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ: ಬೀಳುವುದೂ ಹೆಚ್ಚಾಯಿತು, ಎಲುಬು ಮುರಿಯುವುದೂ ಹೆಚ್ಚಾಯಿತು. ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಾ 2000 ಯೂನಿಟ್ ಕೊಟ್ಟರು. ಕೊರತೆ ಇದ್ದವರನ್ನೇ ಹುಡುಕಿ ಸೇರಿಸಿದ್ದಲ್ಲ. ಎಲುಬು ಮುರಿತ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಶಿಬಿರದ ಬ್ಯಾನರಿನಲ್ಲಿ ಇವಕ್ಕೆ ಜಾಗ ಸಾಲುವುದಿಲ್ಲ, ಗಣ್ಯರ ಫೋಟೊಗಳಿರುತ್ತವೆ.

ಪುಕ್ಕಟೆ ಬಿಸಿಲಿನ ಕಡೆ ಬಂದರೆ ಅಲ್ಲೂ ಪಂಡಿತರು. ಬೆಳಗ್ಗೆ ಆರೂವರೆಗೆ ಮಾಳಿಗೆ ಹತ್ತಿ ಎಳೆಬಿಸಿಲಿಗೆ ಮೈಯೊಡ್ಡುವವರು ನಮಸ್ಕಾರ ಮಾಡಿಕೊಳ್ಳಲಿ, ಪುಣ್ಯ ಬಂದೀತು, ಯುವಿ-ಬಿ ಬರುವುದಿಲ್ಲ. ಸೂರ್ಯ ತಗ್ಗಿನಲ್ಲಿದ್ದಾಗ ಅದನ್ನು ವಾತಾವರಣವೇ ಹೀರುತ್ತದೆ. ಕಾರಿನ ಗಾಜು, ಕಿಟಕಿಯ ಗಾಜು ತಡೆದು ಉಳಿಯುವುದು ಬರೀ ಸೆಕೆ. ಇದಕ್ಕೆ ಯಾವ ಯಂತ್ರವೂ ಬೇಡ, ನೆರಳು ನೋಡಿದರೆ ಸಾಕು. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗಿರಬೇಕು. ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಒಂಬತ್ತೂಕಾಲಿನ ಹೊತ್ತಿಗೇ ನೆರಳು ಗಿಡ್ಡವಾಗುತ್ತದೆ, ಹಾಗಾಗಿ ನಡುಮಧ್ಯಾಹ್ನ ನಿಂತು ತಲೆ ಸುತ್ತಿ ಬೀಳುವ ಶೌರ್ಯ ಬೇಡ. ಡಿಸೆಂಬರಿನಲ್ಲಿ ಹನ್ನೊಂದರಿಂದ ಒಂದೂವರೆ. ಮೈಬಣ್ಣ ಕಪ್ಪಾದಷ್ಟೂ ಹೆಚ್ಚು ಹೊತ್ತು ಬೇಕು. ಕೈಕಾಲು ತೆರೆದು ಇಪ್ಪತ್ತು, ಮೂವತ್ತು ನಿಮಿಷ. ಶಾಖಕ್ಕೂ ವಿಟಮಿನ್ನಿಗೂ ನಂಟಿಲ್ಲ, ನಂಟಿರುವುದು ಸೂರ್ಯನ ಎತ್ತರಕ್ಕೆ. ಪಾಪ, ನಲವತ್ತು ಡಿಗ್ರಿ ಎಂದು ಎದೆಯುಬ್ಬಿಸುವ ನಮಗೆ ಇದು ಅವಮಾನವೇ.

ಈಗ ಶಿಬಿರದವರು ಕೇಳದೆ ಬಿಟ್ಟ ಒಂದು ಪ್ರಶ್ನೆ: ‘ಯಾವ ನೀರು ಕುಡೀತೀರಿ?’

ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚಿನದನ್ನು ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಪಟ್ಟೆ, ದೊಡ್ಡವರಿಗೆ ಮಣಕಾಲು, ಸೊಂಟ, ಕುತ್ತಿಗೆಯ ಬಿಗಿತ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಪರೀಕ್ಷೆಗೆ ಒಂದು ಪೈಸೆ ಬೇಡ: ಬಗ್ಗಿ ಕಾಲಬೆರಳು ಮುಟ್ಟಿಸಿ, ಗದ್ದ ಎದೆಗೆ ತಾಗಿಸಿ, ಕೈ ಹಿಂದೊಯ್ದು ಕುತ್ತಿಗೆ ಹಿಡಿಸಿ. ಆಗದಿದ್ದರೆ ಬೋರಿನ ನೀರನ್ನು ಪರೀಕ್ಷೆಗೆ ಕಳಿಸಿ.

ಆದರೆ ಇದರಲ್ಲಿ ಒಂದು ತಮಾಷೆ ಇದೆ. ಫ್ಲೋರೈಡ್ ಸೇರಿದ ಬೆನ್ನುಮೂಳೆಯ ಸಾಂದ್ರತೆ ಸಾಮಾನ್ಯವಾಗಿ ಏರುತ್ತದೆ. ಬಗ್ಗಲು ಬಾರದವನನ್ನು ಡೆಕ್ಸಾ ಯಂತ್ರದ ಮೇಲೆ ಮಲಗಿಸಿದರೆ ‘ಎಲುಬು ಭಾರಿ ಗಟ್ಟಿ’ ಎಂದು ಅದು ಸರ್ಟಿಫಿಕೇಟು ಕೊಟ್ಟರೂ ಕೊಟ್ಟೀತು.

ಎರಡು ಗಂಟೆಗೆ ಶಿಬಿರ ಮುಗಿಯುತ್ತದೆ. ಯಜಮಾನರು ಪಾಕೀಟು ಹಿಡಿದು ‘ಹಾಲು ಎಲ್ಲಿಂದ ತರೂದು, ಈಗ ಒಂದ್ ಕುಡದಬಿಡ್ತೀನಿ’ ಎನ್ನುತ್ತಾರೆ. ಕಾರ್ಯಕರ್ತ ಹುಡುಗ ಮೂಲೆಯ ಪ್ಲಾಸ್ಟಿಕ್ ಕ್ಯಾನಿನ ನಳ ತಿರುವಿ ಲೋಟ ತುಂಬಿ ಕೊಡುತ್ತಾನೆ. ಪುಡಿ ಬಿದ್ದು ನೀರು ಬೆಳ್ಳಗಾಗುತ್ತದೆ.

‘ಸೀ ಐತಿ’ ಎನ್ನುತ್ತಾರೆ ಯಜಮಾನರು. ‘ನೀರು ಎಲ್ಲೀದು?’

‘ಇಲ್ಲೇ ಹಿಂದಿನ ಬೋರಿಂದ್ರೀ.’