ಸತ್ಯಾಂಶ: ‘ಪ್ರೀತಿಸಿ ಹೋದವಳು, ಸಾಗಣೆ ಹೇಗಾಯಿತು?’

ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುವ ಒಂದು ಸಂದೇಶ ಹೀಗಿದೆ: ಮಾನವ ಸಾಗಣೆ ಎಂದರೆ ಅಪರಿಚಿತರು ವ್ಯಾನಿನಲ್ಲಿ ಹೊತ್ತೊಯ್ಯುವುದು, ಗಂಡನ ಜೊತೆಗೋ ಪ್ರಿಯಕರನ ಜೊತೆಗೋ ತಾನಾಗಿ ಹೋದವಳಿಗೆ ಅದು ಅನ್ವಯಿಸುವುದಿಲ್ಲ.

ಇದು ತಪ್ಪು. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಶೋಷಣೆಗಾಗಿ ಒಬ್ಬರನ್ನು ಸಾಗಿಸುವ ವಿಧಾನಗಳಲ್ಲಿ ಅಪಹರಣದ ಜೊತೆಗೆ ಬೆದರಿಕೆ, ವಂಚನೆ, ಅಧಿಕಾರದ ದುರ್ಬಳಕೆ, ಆಮಿಷಗಳನ್ನೂ ಹೆಸರಿಸುತ್ತದೆ. ಸಂತ್ರಸ್ತೆಯ ಒಪ್ಪಿಗೆ ಗಣನೆಗೆ ಬರುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳುತ್ತದೆ. ಆರೋಪಿ ಗಂಡ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಮದುವೆಯ ಮಾತು ಕೊಟ್ಟು ದೂರದ ಊರಿಗೆ ಕರೆದೊಯ್ದು ಲೈಂಗಿಕ ಶೋಷಣೆಗೆ ತಳ್ಳಿದರೆ, ಆ ಮಾತೇ ವಂಚನೆ. ಶಿಕ್ಷೆ ಕನಿಷ್ಠ 7 ವರ್ಷ ಕಠಿಣ ಸೆರೆವಾಸ.

‘ಹಾಗಾದರೆ ಓಡಿಬರಲಿಲ್ಲವೇಕೆ?’ ಈ ಪ್ರಶ್ನೆ ನನ್ನನ್ನು ಬಹಳ ನೋಯಿಸುತ್ತದೆ. ಬೀಗ ಬೇಕಿಲ್ಲ. ಫೋನು, ದುಡ್ಡು, ಆಧಾರ್ ಕಾರ್ಡು ಅವನ ಕೈಯಲ್ಲಿರುತ್ತವೆ. ಮಗುವಿರಬಹುದು, ಚಿತ್ರ ಹರಿಯಬಿಡುವ ಬೆದರಿಕೆಯಿರಬಹುದು. ಅವನ ಮೇಲಿನ ಪ್ರೀತಿ ಪೂರ್ತಿ ಆರಿರುವುದಿಲ್ಲ. ತವರಿನವರು ಬಾಗಿಲು ತೆರೆಯುತ್ತಾರೆಂಬ ಭರವಸೆಯೂ ಇರುವುದಿಲ್ಲ.

ಅಂಥವಳು ನಿಮ್ಮ ಬಳಿ ಬಾಯಿಬಿಟ್ಟರೆ ಮೊದಲು ನಂಬಿ. ಅವಳನ್ನು ಕೇಳದೆ ಅವನಿಗೆ ಫೋನ್ ಮಾಡಬೇಡಿ, ಊರಿನಲ್ಲಿ ಹೇಳಬೇಡಿ, ದೂರು ಕೊಡಲು ಅವಸರಿಸಬೇಡಿ. ಪ್ರಾಣಾಪಾಯವಿದ್ದರೆ ಮಾತ್ರ ತಡಮಾಡದೆ 112. ಮಹಿಳಾ ಸಹಾಯವಾಣಿ 181, ಅಪ್ರಾಪ್ತಳಾದರೆ 1098. ಹಿಂಸೆಗೊಳಗಾದ ಮಹಿಳೆಯರಿಗಾಗಿ ಇರುವ ಸರ್ಕಾರದ ಸಖಿ ಕೇಂದ್ರಗಳಲ್ಲಿ ತಾತ್ಕಾಲಿಕ ಆಶ್ರಯ, ಆಪ್ತಸಮಾಲೋಚನೆ ಸಿಗುತ್ತವೆ. ಸಾಗಣೆಯ ಸಂತ್ರಸ್ತರಿಗೆ ಉಚಿತ ವಕೀಲರ ನೆರವು ಕಾನೂನಿನ ಹಕ್ಕು, ಅದಕ್ಕೆ 15100.